ಹುಳುವಿನ ಪಾಪ ಹೊತ್ತ ಆರೋಗ್ಯಮ್ಮ

ರಾಮನಗರದ ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಆರೋಗ್ಯಮ್ಮ ಎಲ್ಲಿ ಸಿಗುತ್ತಾಳೆ ಎಂದು ಕೇಳಿದರೆ ಮೊದಲು ಒಂದು ನಿಟ್ಟುಸಿರು ಬರುತ್ತದೆ, ಆಮೇಲೆ ದಾರಿ ಹೇಳುತ್ತಾರೆ. ಮೆಹಬೂಬ್ ಸಾಬರ ರೀಲಿಂಗ್ ಶೆಡ್ಡಿನಲ್ಲಿ ಮೂರನೇ ಬೇಸಿನ್ನಿನ ಮುಂದೆ ಕೂತು ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಹೆಂಗಸು ಆಕೆ. ಕುದ್ದ ಗೂಡುಗಳ ನಡುವೆ ಬೆರಳಾಡಿಸಿ, ಕಣ್ಣಿಗೆ ಕಾಣದ ಎಳೆಯ ತುದಿ ಹಿಡಿದು, ಎಂಟು ಗೂಡಿನ ಎಳೆಗಳನ್ನು ಒಂದೇ ದಾರ ಮಾಡಿ ರಾಟೆಗೆ ಏರಿಸುವುದರಲ್ಲಿ ಆ ಬೀದಿಯಲ್ಲಿ ಅವಳನ್ನು ಮೀರಿಸಿದವರಿಲ್ಲ. ನಿಟ್ಟುಸಿರು ಬರುವುದು ಅದಕ್ಕಲ್ಲ. ಸಿಕ್ಕ ಸಿಕ್ಕವರನ್ನೆಲ್ಲ ಒಂದೇ ಪ್ರಶ್ನೆ ಕೇಳಿ ಅವಳು ಜೀವ ತಿಂದಿದ್ದಾಳೆ, ಅದಕ್ಕೆ.

ಪ್ರಶ್ನೆ ಏನೂ ದೊಡ್ಡದಲ್ಲ. ಗೂಡಿನೊಳಗೆ ಹುಳು ಜೀವಂತ ಇರುತ್ತದೆ. ಅದನ್ನು ಗೂಡಿನ ಸಮೇತ ಕುದಿಸಿ ಕೊಲ್ಲುವುದು ಪಾಪವೋ ಅಲ್ಲವೋ? ಪಾಪ ಎಂದಾದರೆ ಕ್ಷಮಿಸುವವರು ಯಾರು? ಇಷ್ಟೇ. ಇಷ್ಟಕ್ಕೆ ನೆಟ್ಟಗೆ ಉತ್ತರ ಕೊಡುವ ಒಬ್ಬ ಮನುಷ್ಯನನ್ನು ಹುಡುಕಿಕೊಂಡು ಅವಳು ಜಿಲ್ಲೆಯೆಲ್ಲ ಅಲೆದಳು. ಸಿಕ್ಕವರೆಲ್ಲ ಅವಳಿಗೆ ಸಮಾಧಾನ ಹೇಳಿದರು. ಅವಳಿಗೆ ತಲೆ ಕೆಟ್ಟದ್ದೇ ಆ ಸಮಾಧಾನದಿಂದ.

ಆರೋಗ್ಯಮ್ಮನ ತವರು ಕನಕಪುರದ ಆಚೆ ಕಳ್ಳಿದೊಡ್ಡಿ. ಎಷ್ಟೋ ತಲೆಮಾರಿನಿಂದ ಕ್ರೈಸ್ತರಾಗಿರುವ ಒಕ್ಕಲು ಮನೆಗಳ ಊರು. ಅಲ್ಲೂ ರಾಗಿ ಮುದ್ದೆ, ಅಲ್ಲೂ ಬಸ್ಸಾರು, ಅಲ್ಲೂ ಹೆಂಗಸರ ಕತ್ತಿನಲ್ಲಿ ತಾಳಿ. ಭಾನುವಾರ ಬೆಳಿಗ್ಗೆ ಮಾತ್ರ ಊರಿಗೆ ಊರೇ ಚರ್ಚಿನಲ್ಲಿ. ಸಂಜೆ ಏಳಕ್ಕೆ ಜಪಸರ ಹಿಡಿಯದಿದ್ದರೆ ಅವರಪ್ಪ ಊಟಕ್ಕೆ ತಟ್ಟೆ ಇಡಲು ಬಿಡುತ್ತಿರಲಿಲ್ಲ. ಅವಳನ್ನು ರಾಮನಗರದ ಚೌರಪ್ಪನಿಗೆ ಕೊಟ್ಟರು. ಚೌರಪ್ಪ ಗೂಡಿನ ಚೀಲ ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಾನೆ, ಮಾತು ಕಮ್ಮಿ, ದೇವರಲ್ಲಿ ಭಕ್ತಿ ಇದೆ, ಅನುಮಾನ ಇಲ್ಲ. ಮದುವೆಯಾದ ಮರುವರ್ಷವೇ ಅವಳು ಮೆಹಬೂಬ್ ಸಾಬರ ಶೆಡ್ಡು ಸೇರಿದಳು. ಎಂಟು ವರ್ಷ ನೂಲು ತೆಗೆದಳು. ಹುಳುವಿನ ಯೋಚನೆ ಒಂದು ದಿನವೂ ಬರಲಿಲ್ಲ.

ಒಂದು ಸಲ ಗೂಡಿನ ಲೋಡು ಎರಡು ದಿನ ತಡವಾಗಿ ಬಂತು. ಚೀಲ ಬಿಚ್ಚಿ ಮೊರಕ್ಕೆ ಸುರಿದಾಗ ಒಂದು ಗೂಡಿನ ತುದಿಯಲ್ಲಿ ತೂತು. ತೂತಿನಿಂದ ಬಿಳೀ ಚಿಟ್ಟೆಯೊಂದು ಅರ್ಧ ಹೊರಗೆ ಬಂದಿತ್ತು. ಒದ್ದೆ ಮುಖವನ್ನು ಮುಂಗಾಲಿನಿಂದ ಒರೆಸಿಕೊಳ್ಳುತ್ತಿತ್ತು. ತೂತು ಬಿದ್ದ ಗೂಡಿನಿಂದ ನೂಲು ಬರುವುದಿಲ್ಲ, ಎಸೆಯುತ್ತಾರೆ. ಅವಳೂ ಎಸೆದಳು. ಎಸೆದ ಮೇಲೆ ಮೊರದಲ್ಲಿದ್ದ ಉಳಿದ ಗೂಡುಗಳನ್ನು ನೋಡಿದಳು. ಇವುಗಳ ಒಳಗೂ ಮುಖವಿದೆ ಎಂದು ಆವತ್ತು ಹೊಳೆಯಿತು. ಹೊಳೆದದ್ದು ಆಮೇಲೆ ಹೋಗಲೇ ಇಲ್ಲ.

ಚರ್ಚಿನವರ ಪದ್ಧತಿಯಲ್ಲಿ ಇಂಥದಕ್ಕೆ ದಾರಿ ಇದೆ, ಪಾಪನಿವೇದನೆ. ಸ್ವಾಮಿಗಳ, ಎಂದರೆ ಪಾದ್ರಿಗಳ, ಪಕ್ಕ ಮೊಣಕಾಲೂರಿ, ಯಾವ ಪಾಪ, ಎಷ್ಟು ಸಲ ಎಂದು ಬಾಯಿಬಿಟ್ಟು ಹೇಳಬೇಕು, ಇನ್ನು ಮಾಡುವುದಿಲ್ಲ ಎಂದು ಮನಸ್ಸು ಮಾಡಬೇಕು. ಆಗ ಅವರು ದೇವರ ಹೆಸರಿನಲ್ಲಿ ಕ್ಷಮೆ ಕೊಡುತ್ತಾರೆ. ಆ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಲ್ಲಿ ಆರೋಗ್ಯಮ್ಮ ಸಾಲಿನಲ್ಲಿ ನಿಂತು, ಸರದಿ ಬಂದಾಗ ಮೊಣಕಾಲೂರಿ, ಹುಳು ಕೊಂದಿದ್ದೀನಿ ಎಂದಳು. ರಾಮನಗರದಲ್ಲಿ ಆಗಿದ್ದವರು ಚಿಕ್ಕ ವಯಸ್ಸಿನ ಸ್ವಾಮಿ. ಅವರು ನಕ್ಕುಬಿಟ್ಟರು. ಜೋರಾಗಿ ನಗಲಿಲ್ಲ, ಪಾಪ, ಒಳ್ಳೆಯವರೇ. "ಬೇರೆ ಏನಾದರೂ ಇದೆಯಾ ಅಮ್ಮ?" ಎಂದರು.

ಅವರು ವರ್ಗವಾಗಿ ಹೋದ ಮೇಲೆ ಬಂದವರ ಹತ್ತಿರವೂ ಹೇಳಿದಳು. ದೇವರು ಪ್ರಾಣಿ ಪಕ್ಷಿ ಕ್ರಿಮಿ ಕೀಟ ಎಲ್ಲವನ್ನೂ ಮನುಷ್ಯನ ಕೈಗೆ ಕೊಟ್ಟಿದ್ದಾನೆ, ಇದು ಪಾಪವಲ್ಲ, ನೆಮ್ಮದಿಯಾಗಿರು ಎಂದು ಅವರು ಅರ್ಧ ಗಂಟೆ ವಿವರಿಸಿದರು. ಹಿಂದೆ ನಿಂತಿದ್ದವರು ಇವಳೇನು ಮಹಾಪಾಪ ಮಾಡಿದ್ದಾಳೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೆಯವರು ಎಲ್ಲವನ್ನೂ ಕೇಳಿ, ಮನಸ್ಸಿಗೆ ಆಯಾಸವಾಗಿರಬಹುದು, ಕೌನ್ಸೆಲಿಂಗ್‌ಗೆ ಹೋಗಿ ಎಂದು ಒಂದು ಫೋನ್ ನಂಬರ್ ಬರೆದುಕೊಟ್ಟರು. ಕ್ಷಮೆ ಕೇಳಲು ಹೋದವಳಿಗೆ ಫೋನ್ ನಂಬರ್! ಆರೋಗ್ಯಮ್ಮ ಆ ಚೀಟಿಯನ್ನು ಚರ್ಚಿನ ಮೆಟ್ಟಿಲ ಮೇಲೇ ಹರಿದು ಹಾಕಿದಳು.

"ಬೆಳಿಗ್ಗೆಯಿಂದ ಸಂಜೆ ಗಂಟ ಜೀವ ತೆಗೀತೀನಿ ಕಣಯ್ಯಾ, ಏನೂ ಆಗಿಲ್ಲ ಅಂತಾರೆ" ಎಂದು ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದಳು. "ಇನ್ಮೇಲೆ ಆ ಬಾಗಿಲು ತುಳಿಯಕಿಲ್ಲ ನಾನು."

"ಆಯ್ತು ಬುಡು" ಎಂದ ಚೌರಪ್ಪ. ಅವನಿಗೆ ಎಲ್ಲಕ್ಕೂ ಅದೇ ಉತ್ತರ. ಆ ಉತ್ತರದಿಂದ ಅವಳಿಗೆ ಇನ್ನಷ್ಟು ಉರಿಯಿತು.

ಪಕ್ಕದ ಬೇಸಿನ್ನಿನಲ್ಲಿ ಕೆಲಸ ಮಾಡುವ ಲತಾಮಣಿ ಕೂಟಗಲ್ ಕಡೆಯವಳು. ಇವಳ ಗೊಣಗಾಟ ಕೇಳಿ ಕೇಳಿ ಸಾಕಾಗಿ, ತನ್ನೂರಿನ ಹತ್ತಿರ ಬಂಡೆ ಬುಡದಲ್ಲಿರುವ ಆಶ್ರಮಕ್ಕೆ ಕರೆದುಕೊಂಡು ಹೋದಳು. ಆರೋಗ್ಯಮ್ಮ ಅರ್ಧಂಬರ್ಧ ಕೆಲಸ ಮಾಡುವವಳಲ್ಲ. ಎರಡೂವರೆ ವರ್ಷ ಪ್ರತಿ ಗುರುವಾರ ಹೋದಳು. ಭಜನೆ ಕಲಿತಳು. ಈರುಳ್ಳಿ ಬೆಳ್ಳುಳ್ಳಿ ಬಿಟ್ಟಳು. ಮೀನು ಬಿಟ್ಟಳು, ಚೌರಪ್ಪನಿಗೂ ಬಿಡಿಸಿದಳು. ಅವನು ನಾಲಿಗೆ ಚಪಲ ತಡೆಯಲಾಗದಾಗೆಲ್ಲ ಆಟೋದಲ್ಲಿ ಕೂತು ಹೊರಗಿನಿಂದ ತಂದ ಕಬಾಬ್ ತಿಂದು, ಬಾಯಿಗೆ ಸೋಂಪು ಹಾಕಿಕೊಂಡು ಒಳಗೆ ಬರುತ್ತಿದ್ದ. ಅವಳಿಗೆ ಗೊತ್ತಿತ್ತು. ಹುಳು ಬೇಯಿಸಿ ಬಂದವಳು ಕೋಳಿ ತಿಂದವನನ್ನು ಏನೆಂದು ಬೈಯುವುದು?

ಕೊನೆಗೊಂದು ಗುರುವಾರ ಆಶ್ರಮದ ಸ್ವಾಮಿಗಳೊಂದಿಗೆ ಮಾತಾಡುವ ಸಮಯ ಸಿಕ್ಕಿತು. ಅವರು ಕಣ್ಣು ಮುಚ್ಚಿ ಕೇಳಿದರು, ಕಣ್ಣು ತೆರೆದು ಹೇಳಿದರು. ಆ ಜೀವಗಳು ತಮ್ಮ ಕರ್ಮದಿಂದ ಹುಳುವಾಗಿ ಹುಟ್ಟಿವೆ, ನಿನ್ನ ಕೈಯಿಂದ ಆ ಜನ್ಮ ಕಳೆದು ಮೇಲಿನ ಜನ್ಮಕ್ಕೆ ಹೋಗುತ್ತಿವೆ, ನೀನು ಅವಕ್ಕೆ ಉಪಕಾರವನ್ನೇ ಮಾಡುತ್ತಿದ್ದೀಯ. ಸುತ್ತ ಕೂತವರು ಆಹಾ ಎಂದರು. ಆರೋಗ್ಯಮ್ಮ ಸ್ವಾಮಿಗಳ ಹೆಗಲನ್ನೇ ನೋಡುತ್ತಿದ್ದಳು.

"ಬುದ್ದೀ, ಈ ಶಾಲು ರೇಷ್ಮೇದಾ?"

"ಭಕ್ತರು ಕೊಟ್ಟಿದ್ದಮ್ಮ."

"ಎಷ್ಟು ಜೀವಕ್ಕೆ ಉಪಕಾರ ಆಗಿರಬೌದು ಇದ್ರಾಗೆ?"

ಲತಾಮಣಿ ಅವಳ ಸೆರಗು ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಬಸ್ ಸ್ಟಾಪಿನಲ್ಲಿ ಒಂದೇ ಮಾತು: "ನಿನಗೆ ದೇವರು ಬೇಕಿಲ್ಲ ಕಣಮ್ಮಿ, ಜಗಳ ಬೇಕು."

ಆಮೇಲಿನದು ಕನಕಪುರ ರಸ್ತೆಯ ಧ್ಯಾನ ಕೇಂದ್ರ. ಅಲ್ಲಿಗೆ ಬರುವವರು ಹೆಚ್ಚಿನವರು ಬೆಂಗಳೂರಿನವರು, ಕಾರಿನಲ್ಲಿ ಬಂದು ಹತ್ತು ದಿನ ಬಾಯಿ ಮುಚ್ಚಿಕೊಂಡು ಇರುವವರು. ಆರೋಗ್ಯಮ್ಮ ಅಡುಗೆ ಮನೆಯಲ್ಲಿ ಸೇವೆ ಮಾಡುತ್ತೇನೆಂದು ಸೇರಿಕೊಂಡು ಧ್ಯಾನಕ್ಕೂ ಕೂತಳು. ಉಸಿರು ನೋಡಿ ಎಂದರು, ನೋಡಿದಳು. ಬಂದ ಯೋಚನೆಯನ್ನು ಗಮನಿಸಿ, ಬಿಟ್ಟುಬಿಡಿ ಎಂದರು. ಅವಳಿಗೆ ಬರುತ್ತಿದ್ದುದು ಒಂದೇ ಯೋಚನೆ. ಹತ್ತು ದಿನವೂ ಅದನ್ನೇ ಗಮನಿಸಿದಳು, ಬಿಡಲು ಆಗಲಿಲ್ಲ. ಗುರುಗಳ ಹತ್ತಿರ ಹೇಳಿದ್ದಕ್ಕೆ ಅವರು, ಕೆಲಸ ಶುರು ಮಾಡುವ ಮುಂಚೆ ಆ ಜೀವಿಗಳಿಗೆ ಮನಸ್ಸಿನಲ್ಲಿ ಒಳ್ಳೆಯದನ್ನು ಹಾರೈಸಿ ಎಂದರು.

ಹಾರೈಸಿದಳು. ಮರುದಿನ ಬೆಳಿಗ್ಗೆ ಬೇಸಿನ್ನಿನ ಮುಂದೆ ನಿಂತು, ಕೈಯಲ್ಲಿ ಗೂಡಿನ ಮೊರ ಹಿಡಿದು, ನಿಮಗೆಲ್ಲ ಸುಖವಾಗಲಿ, ನಿಮಗೆಲ್ಲ ಶಾಂತಿ ಸಿಗಲಿ ಎಂದು ಮನಸ್ಸಿನಲ್ಲೇ ಹೇಳಿದಳು. ಹೇಳಿ, ಕುದಿಯುವ ನೀರಿಗೆ ಸುರಿದಳು. ಅಷ್ಟು ನಾಚಿಕೆ ಅವಳಿಗೆ ಜನ್ಮದಲ್ಲಿ ಆಗಿರಲಿಲ್ಲ. ಬೈದು ಸುರಿದಿದ್ದರೂ ಇದಕ್ಕಿಂತ ಮರ್ಯಾದೆ ಇರುತ್ತಿತ್ತು. ಆದರೂ ಮೂರು ವರ್ಷ ಆ ಕೇಂದ್ರಕ್ಕೆ ಹೋಗಿ ಬಂದು ಮಾಡಿದಳು, ಅಲ್ಲಿ ಯಾರೂ ತನ್ನನ್ನು ನೋಡಿ ನಗುವುದಿಲ್ಲ ಎಂಬುದಕ್ಕೆ. ಅಲ್ಲಿ ಯಾರೂ ಅವಳನ್ನು ನೋಡುತ್ತಲೇ ಇರಲಿಲ್ಲ.

ಮೆಹಬೂಬ್ ಸಾಬರನ್ನೂ ಬಿಡಲಿಲ್ಲ. ನಿಮ್ಮಲ್ಲಿ ಏನು ಹೇಳ್ತಾರೆ ಎಂದು ಕೇಳಿದಳು. ಸಾಬರು ನೂಲಿನ ಲಡಿ ತೂಗುತ್ತಿದ್ದವರು ತಕ್ಕಡಿ ಕೆಳಗಿಟ್ಟರು.

"ಅಲ್ಲಾ ನಿಯತ್ತು ನೋಡ್ತಾನೆ ಆರೋಗ್ಯಮ್ಮ. ಇಪ್ಪತ್ತು ವರ್ಷದಿಂದ ನೋಡ್ತಾ ಇದ್ದೀನಿ, ನಿಂದು ನಿಯತ್ತು ಸರಿ ಐತೆ. ಅಷ್ಟು ಬೇಜಾರಿದ್ರೆ ಕೆಲಸ ಬಿಟ್ಬಿಡಿ. ಬಿಡಬೇಡಿ ಅಂತ ನಾನು ಹೇಳಲ್ಲ. ಬಿಟ್ರೆ ನನಗೆ ಲಾಸು, ಅದೂ ಹೇಳ್ತೀನಿ."

ಅಷ್ಟರಲ್ಲಿ ಅವಳು ಬಿಟ್ಟೂ ನೋಡಿದ್ದಳು. ನಡುವೆ ಏಳು ತಿಂಗಳು ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿಕೊಂಡಿದ್ದಳು. ಸಂಬಳ ಜಾಸ್ತಿ, ಕುರ್ಚಿ ಇತ್ತು, ಫ್ಯಾನ್ ಇತ್ತು, ಕೈ ಒದ್ದೆಯಾಗುತ್ತಿರಲಿಲ್ಲ. ಒಂದು ಜೀವವೂ ಸಾಯುತ್ತಿರಲಿಲ್ಲ. ಎಂಟನೇ ತಿಂಗಳು ಮತ್ತೆ ಮೂರನೇ ಬೇಸಿನ್ನಿನ ಮುಂದೆ ಬಂದು ಕೂತಳು. ಬಸ್ಸಿನಲ್ಲಿ ವಾಂತಿ ಬರುತ್ತದೆ, ಅದಕ್ಕೆ ಬಿಟ್ಟೆ ಎಂದು ಎಲ್ಲರಿಗೂ ಹೇಳಿದಳು. ಎಲ್ಲರೂ ನಂಬಿದರು. ಅವಳೂ ನಂಬಿದಳು.

ಹೀಗೆ ಚರ್ಚು ಬಿಟ್ಟು ಹನ್ನೊಂದು ವರ್ಷವಾಯಿತು. ಚೌರಪ್ಪ ಭಾನುವಾರ ಒಬ್ಬನೇ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಬರುತ್ತಿದ್ದ. ಬಾ ಎಂದು ಒಂದು ದಿನವೂ ಕರೆಯಲಿಲ್ಲ. ಇವನು ಒಂದು ಸಲ ಕರೆದು ಜಗಳವಾಡಬಾರದೇ ಎಂದು ಅವಳಿಗೆ ಅದಕ್ಕೂ ಸಿಟ್ಟು.

ಮೊನ್ನೆ ಮೊನ್ನೆ, ಎಂದರೆ ಎರಡು ವರ್ಷದ ಹಿಂದೆ, ತಪಸ್ಸು ಕಾಲದ ಒಂದು ಶನಿವಾರ, ಕಳ್ಳಿದೊಡ್ಡಿ ಕಡೆ ಗೂಡಿನ ಚೀಲ ತುಂಬಿಸಬೇಕಿತ್ತು. ತವರಿನಲ್ಲಿ ಅಣ್ಣನ ಮೊಮ್ಮಗುವನ್ನು ನೋಡಿದ ಹಾಗೂ ಆಗುತ್ತದೆ ಎಂದು ಆರೋಗ್ಯಮ್ಮ ಆಟೋ ಹತ್ತಿದಳು. ಮಗು ನೋಡಿ, ಚೀಲ ತುಂಬಿಸಿ ಹೊರಡುವಾಗ ಚೌರಪ್ಪ ಚರ್ಚಿನ ಮುಂದೆ ಗಾಡಿ ನಿಲ್ಲಿಸಿದ.

"ಹಬ್ಬ ಹತ್ರ ಬಂತು. ಒಸಿ ಪಾಪನಿವೇದನೆ ಮಾಡ್ಕಂಡು ಬತ್ತೀನಿ."

"ನಿಂದೇನು ಪಾಪ, ಕಬಾಬಾ?" ಎಂದಳು. ಅವನು ಚಪ್ಪಲಿ ಬಿಟ್ಟು ಒಳಗೆ ಹೋದ.

ಅವಳು ಕಾದಳು. ಮಾರ್ಚಿನ ಬಿಸಿಲಿಗೆ ತಗಡು ಸುಡುತ್ತಿತ್ತು, ಹಿಂದೆ ಚೀಲಗಳಿಂದ ಹಸಿ ಗೂಡಿನ ವಾಸನೆ. ಮುಗಿಸಿ ಬಂದವನು ಪಂಚಾಯಿತಿ ಕಟ್ಟೆಯಲ್ಲಿ ಯಾರದೋ ಜೊತೆ ಮಾತಿಗೆ ನಿಂತುಬಿಟ್ಟ. ಬಾಯಾರಿ ಅವಳು ಇಳಿದು ಚರ್ಚಿನ ಬಾಗಿಲಿನ ಪಕ್ಕದ ನೀರಿನ ಫಿಲ್ಟರಿಗೆ ಹೋದಳು. ಕುಡಿದು ಲೋಟ ಇಟ್ಟು, ಬಾಗಿಲಿಗೆ ಒರಗಿ ಒಳಗೆ ನೋಡಿದಳು. ಒಳಗೆ ಯಾರೂ ಇರಲಿಲ್ಲ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತ ಮುದುಕರೊಬ್ಬರನ್ನು ಬಿಟ್ಟು. ಇನ್ನಾಸಪ್ಪ ಸ್ವಾಮಿ. ಎಂಬತ್ತು ದಾಟಿದವರು, ಕೆಲಸದಿಂದ ನಿವೃತ್ತರಾಗಿ ಚರ್ಚಿನ ಹಿಂದಿನ ಕೋಣೆಯಲ್ಲಿ ಇರುವವರು. ಅವರ ಸಿಡುಕಿಗೆ ಹೆದರಿ ಊರಿನವರು ಪಾಪ ಹೇಳಲು ಕನಕಪುರಕ್ಕೆ ಹೋಗುತ್ತಾರೆ ಎಂದು ಅವಳ ಅಣ್ಣ ಹೇಳಿದ್ದ.

"ಯಾರಮ್ಮ ಅದು ನಿಂತಿರೋದು? ಬರಾದಾದ್ರೆ ಬಾ, ಹೋಗಾದಾದ್ರೆ ಬಾಗಿಲು ಎಳ್ಕಂಡು ಹೋಗು. ನಾಯಿ ನುಗ್ತದೆ."

ಯಾರಾದರೂ ಮೃದುವಾಗಿ ಕರೆದಿದ್ದರೆ ಅವಳು ಹೋಗುತ್ತಿರಲಿಲ್ಲ. ಸಿಡುಕಿಗೆ ಸಿಡುಕು ಬಂದು, ದಡದಡ ನಡೆದು ಹೋಗಿ ಅವರ ಪಕ್ಕ ಮೊಣಕಾಲೂರಿದಳು.

"ಕೊನೇ ಪಾಪನಿವೇದನೆ ಆಗಿ ಹನ್ನೊಂದು ವರ್ಸ ಆಯ್ತು. ಹುಳ ಕೊಂದಿದ್ದೀನಿ. ರೇಷ್ಮೆ ಹುಳ. ಪಾಪ ಅಲ್ಲ ಅಂತ ನೀವೂ ಅಂಬೋದಾದ್ರೆ ಈಗ್ಲೇ ಅಂದ್ಬುಡಿ, ಎದ್ದೋಯ್ತೀನಿ."

ಮುದುಕರು ತಿರುಗಿ ನೋಡಲಿಲ್ಲ. "ಎಷ್ಟು?" ಎಂದರು.

ಆರೋಗ್ಯಮ್ಮನಿಗೆ ತಕ್ಷಣ ಅರ್ಥವಾಗಲಿಲ್ಲ. "ಏನು ಎಷ್ಟು?"

"ಎಷ್ಟು ಅಂತ ಹೇಳಬೇಕಲ್ಲಮ್ಮ. ಕಲಿಸಿಲ್ವಾ ನಿಮಗೆ? ಎಷ್ಟು ಕೊಂದೆ?"

ಅಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅವಳ ಹತ್ತಿರ ಉತ್ತರ ಇತ್ತು. ಧ್ಯಾನ ಕೇಂದ್ರದಲ್ಲಿ ಉಸಿರು ನೋಡುವ ಬದಲು ಅವಳು ಗುಣಿಸಿ ಇಟ್ಟುಕೊಂಡಿದ್ದೇ ಅದನ್ನು. "ಕೆಜಿಗೆ ಆರ್ನೂರು ಗೂಡು ಸ್ವಾಮಿ. ದಿನಕ್ಕೆ ಎಂಟು ಕೆಜಿ. ಇಪ್ಪತ್ತೆರಡು ವರ್ಸ. ಹತ್ತಿರ ಹತ್ತಿರ ಮೂರು ಕೋಟಿ." ಮುದುಕರು ಕಣ್ಣೆತ್ತಿ ಶಿಲುಬೆ ಕಡೆ ನೋಡಿದರು.

"ನಾನು ಮಾಗಡಿ ಕಡೆಯೋನು" ಎಂದರು ಆಮೇಲೆ. "ನಮ್ಮವ್ವ ಹುಳ ಸಾಕ್ತಿದ್ಲು. ಹಣ್ಣಾದ ಹುಳ ಆರಿಸಿ ಗೂಡು ಕಟ್ಟಕ್ಕೆ ತಟ್ಟೆ ಮೇಲೆ ಬುಡೋದು ನನ್ನ ಕೆಲಸ. ಅದು ತಲೆ ಎತ್ತಿ ಎತ್ತಿ ಜಾಗ ಹುಡುಕ್ತದೆ. ನೋಡಿದ್ದೀನಿ." ಅವಳ ಕಡೆ ತಿರುಗಿದರು. "ನೋಡಮ್ಮ, ಇದು ಪಾಪ ಅಂತ ಚರ್ಚು ಹೇಳಕಿಲ್ಲ. ನಿನ್ನ ಮನಸ್ಸು ಹೇಳ್ತದೆ. ತಪ್ಪು ಅಂತ ಮನಸ್ಸಿಗೆ ಗೊತ್ತಿದ್ದೂ ಒಂದು ಕೆಲಸ ಮಾಡಿದ್ರೆ ಅದು ಪಾಪಾನೇ. ನಿನಗೆ ಇದು ಪಾಪ."

ಆರೋಗ್ಯಮ್ಮನಿಗೆ ಅಳು ಒತ್ತರಿಸಿ ಬಂತು. ದುಃಖಕ್ಕಲ್ಲ, ಸುಖಕ್ಕೆ. ಹದಿನಾಲ್ಕು ವರ್ಷದಿಂದ ಹೊತ್ತು ತಿರುಗಿದ್ದನ್ನು ಒಬ್ಬರು ನೋಡಿ, ಹೌದು, ಭಾರವಿದೆ ಎಂದಿದ್ದರು.

"ಬುಡ್ತೀಯಾ?" ಎಂದು ಕೇಳಿದರು ಮುದುಕರು.

"ಏನನ್ನ?"

"ಕೆಲಸಾನ. ಇನ್ನು ಮಾಡಕಿಲ್ಲ ಅಂತ ಮನಸ್ಸು ಮಾಡದೆ ಕ್ಷಮೆ ಹೆಂಗೆ ಕೊಡ್ಲಿ?"

ಅವಳು ಅಳು ನಿಲ್ಲಿಸಿದಳು. ಪಾಪವಲ್ಲ ಎಂದವರಿಗೆ ಯಾರಿಗೂ ಈ ಪ್ರಶ್ನೆ ಕೇಳುವ ಅಗತ್ಯ ಬಿದ್ದಿರಲಿಲ್ಲ. ಸೋಮವಾರ ಬೆಳಿಗ್ಗೆ ಆರಕ್ಕೆ ಶೆಡ್ಡು. ಹೊರಗೆ ಆಟೋದಲ್ಲಿ ಅವಳು ಬಿಚ್ಚಬೇಕಾದ ಚೀಲಗಳೇ ಇದ್ದವು. ಅವಳು ಬಾಗಿಲ ಕಡೆ ನೋಡಿದ್ದನ್ನು ಕಂಡು ಮುದುಕರ ದನಿ ಮೊದಲ ಸಲ ಸ್ವಲ್ಪ ಇಳಿಯಿತು.

"ಹೊಟ್ಟೆಪಾಡಿಗೆ ಮಾಡ್ತೀಯಾ? ಬೇರೆ ದಾರಿ ಇಲ್ದೆ ಮಾಡೋರದು ಬೇರೆ. ಹಂಗಿದ್ರೆ ಹೌದು ಅನ್ನು. ಕ್ಷಮೆ ಕೊಟ್ಟು ಕಳಿಸ್ತೀನಿ."

ಹೌದು ಅನ್ನುವುದಷ್ಟೇ ಬಾಕಿ. ಕೂಲಿ ಹೆಂಗಸು, ಹೌದು ಎಂದರೆ ಯಾರು ಅನುಮಾನಿಸುತ್ತಾರೆ? ಚರ್ಚು, ಆಶ್ರಮ, ಧ್ಯಾನ ಎಂದು ಸುತ್ತಿದ್ದೆಲ್ಲ ಈ ಒಂದು ಮಾತಿನ ಆಚೆ ಮುಗಿದುಹೋಗುತ್ತಿತ್ತು. ಅವಳು ಬಾಯಿ ತೆರೆದಳು. ಹಾರೋಹಳ್ಳಿಯ ಆ ಏಳು ತಿಂಗಳು ನೆನಪಾಯಿತು. ಬಸ್ಸಿನಲ್ಲಿ ಅವಳಿಗೆ ಒಂದು ದಿನವೂ ವಾಂತಿ ಬಂದಿರಲಿಲ್ಲ. ಫ್ಯಾನಿನ ಕೆಳಗೆ ಡಬ್ಬಕ್ಕೆ ಟೇಪು ಅಂಟಿಸುತ್ತ ಕೂತಾಗ ಬೆರಳುಗಳು ತಮ್ಮಷ್ಟಕ್ಕೆ ತಾವೇ ಎಳೆ ಹುಡುಕುತ್ತಿದ್ದವು.

"ಇಲ್ಲ ಸ್ವಾಮಿ" ಎಂದಳು. "ಹೊಟ್ಟೆಪಾಡಿಗಲ್ಲ. ನಂಗೆ ಆ ಕೆಲಸ ಇಷ್ಟ. ನನ್ನಂಗೆ ತುದಿ ಹಿಡಿಯೋರು ರಾಮನಗರದಾಗೇ ಇಲ್ಲ."

ಹೇಳಿದ ಮೇಲೆ ಅವಳಿಗೇ ದಿಗಿಲಾಯಿತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ.

"ಹಂಗಾದ್ರೆ ಕ್ಷಮೆ ಇಲ್ಲ" ಎಂದರು ಇನ್ನಾಸಪ್ಪ ಸ್ವಾಮಿ. "ಮುಂದಿನ ಶನಿವಾರ ಬಾ."

ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕಳ್ಳರಿಗೆ, ಕುಡುಕರಿಗೆ, ಹೆಂಡತಿ ಹೊಡೆಯುವವರಿಗೆ ಮೂರು ಜಪ ಹೇಳಿಸಿ ಕ್ಷಮೆ ಕೊಟ್ಟು ಕಳಿಸುತ್ತಾರೆ, ನಿಜ ಹೇಳಿದವಳಿಗೆ ಇಲ್ಲವಂತೆ! ಬಾಗಿಲು ಧಡಾರೆಂದು ಎಳೆದುಕೊಂಡು ಹೋದಳು. ರಾಮನಗರ ಮುಟ್ಟುವವರೆಗೂ ಆ ಮುದುಕರನ್ನು ಬೈದಳು. ಚೌರಪ್ಪ ಎಲ್ಲದಕ್ಕೂ ಆಯ್ತು ಬುಡು ಎಂದ.

ಮುಂದಿನ ಶನಿವಾರ ಅವಳು ಸಾಬರ ಹತ್ತಿರ ಅರ್ಧ ದಿನ ರಜೆ ಕೇಳಿ, ಕನಕಪುರದ ಬಸ್ಸು ಹಿಡಿದು, ಅಲ್ಲಿಂದ ಶೇರ್ ಆಟೋದಲ್ಲಿ ಕಳ್ಳಿದೊಡ್ಡಿಗೆ ಹೋದಳು.

"ಬುಟ್ಟ್ಯಾ?"

"ಇಲ್ಲ."

"ಮುಂದಿನ ಶನಿವಾರ ಬಾ."

ಅಲ್ಲಿಂದ ಶುರುವಾದದ್ದು ಇವತ್ತಿಗೂ ನಿಂತಿಲ್ಲ. ಭಾನುವಾರ ರಾಮನಗರದ ಚರ್ಚಿಗೂ ಹೋಗುತ್ತಾಳೆ, ಚೌರಪ್ಪನ ಪಕ್ಕ ಕೂರುತ್ತಾಳೆ, ಹಾಡು ಬಂದರೆ ಎಲ್ಲರಿಗಿಂತ ಜೋರಾಗಿ ಹಾಡುತ್ತಾಳೆ. ಪೂಜೆಯಲ್ಲಿ ಸ್ವಾಮಿಗಳು ಹಂಚುವ ರೊಟ್ಟಿಗೆ, ಪರಮಪ್ರಸಾದಕ್ಕೆ, ಎಲ್ಲರೂ ಸಾಲಾಗಿ ಎದ್ದಾಗ ಅವಳೊಬ್ಬಳು ಬೆಂಚಿನಲ್ಲಿ ಉಳಿಯುತ್ತಾಳೆ. ಕ್ಷಮೆ ಆಗದೆ ಅದನ್ನು ತೆಗೆದುಕೊಳ್ಳುವಂತಿಲ್ಲ. ಹಿಂದಿನ ಬೆಂಚಿನ ಮಮತಾ ಒಂದು ದಿನ ತಿವಿದು, "ಏಳಮ್ಮ, ಮೈ ಸರಿ ಇಲ್ವಾ?" ಎಂದು ಕೇಳಿದಳು. "ನಂದಿನ್ನೂ ತೀರ್ಮಾನ ಆಗಿಲ್ಲ, ನೀನು ಹೋಗು" ಎಂದಳು ಆರೋಗ್ಯಮ್ಮ. ಚರ್ಚಿನಲ್ಲಿ ಗುಸುಗುಸು ಎದ್ದಿತು. ಈ ವಯಸ್ಸಿನಲ್ಲಿ ಅಂಥದ್ದೇನು ಮಾಡಿಕೊಂಡಳೋ ಎಂದರು. ಈಗಿನ ಸ್ವಾಮಿ ಮೃದು ಮನಸ್ಸಿನವರು. ಅವರೇ ಕರೆದು, ನಾನು ಕ್ಷಮೆ ಕೊಡುತ್ತೇನೆ, ಇದನ್ನೇನು ದೊಡ್ಡದು ಮಾಡುವುದು ಎಂದರು. ಬೇಡ ಎಂದು ಬಂದಳು.

ಕಳೆದ ಆಷಾಢದ ಒಂದು ಶನಿವಾರ ಬೆಳಿಗ್ಗೆಯಿಂದ ಜಡಿಮಳೆ. ಬಸ್ಸು ಸರಿಯಾಗಿ ಇರಲಿಲ್ಲ. ಆರೋಗ್ಯಮ್ಮ ಚಪ್ಪಲಿ ಮೆಟ್ಟಿ, ಛತ್ರಿ ಹುಡುಕುತ್ತಿದ್ದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಚೌರಪ್ಪನಿಗೆ ಆವತ್ತು ತಾಳ್ಮೆ ತಪ್ಪಿತು.

"ಅಲ್ಲ ಕಣೇ, ನೀನು ಬುಡಾಕಿಲ್ಲ, ಅವರು ಕೊಡಾಕಿಲ್ಲ. ಇಲ್ಲ ಅನ್ನುಸ್ಕಳಕೆ ಅಷ್ಟು ದೂರ ಹೋಯ್ತೀಯಲ್ಲ, ತಲೆ ನೆಟ್ಟಗಿದ್ದದಾ ನಿಂಗೆ? ಇಲ್ಲಿ ಕರ್ದು ಕೊಡ್ತೀನಿ ಅಂತಾರೆ, ಬ್ಯಾಡ ಅಂತೀಯ!"

ಛತ್ರಿ ಸಿಕ್ಕಿತು. ಅದರ ಒಂದು ಕಡ್ಡಿ ಮುರಿದಿತ್ತು. ಆರೋಗ್ಯಮ್ಮ ಅದನ್ನು ಬಿಚ್ಚಿ ನೋಡಿ, ಮಡಚಿದಳು.

"ಇಲ್ಲಿನೋರಿಗೆ ನನ್ನ ಪಾಪ ಬೇಕಿಲ್ಲ ಕಣಯ್ಯಾ, ನಾನು ಸುಮ್ಕಿದ್ರೆ ಸಾಕು" ಎಂದಳು. "ಆ ಮುದ್ಕಪ್ಪ ಒಬ್ರೇ, ನಾನು ಬುಡೋ ಗಂಟ ಕಾಯ್ತೀನಿ ಅಂತ ಕುಂತಿರೋದು. ಎಂಬತ್ನಾಲ್ಕು ವರ್ಸ ಅವರಿಗೆ. ನಾನು ಬುಡಾ ಮುಂಚೆ ಅವರು ಸತ್ತೋದ್ರೆ ಏನ್ ಮಾಡ್ಲಿ ನಾನು?"

ಚೌರಪ್ಪ ಈ ಸಲ ಆಯ್ತು ಬುಡು ಎನ್ನಲಿಲ್ಲ. ಗಾಡಿಯ ಕೀ ತೆಗೆದುಕೊಂಡು, ಮಳೆಯಲ್ಲಿ ಅವಳಿಗಿಂತ ಮುಂಚೆ ಹೊರಗೆ ಹೋದ.